ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ 13,990 ಕಿಮೀ ಅಂದ್ರೆ ಎಷ್ಟು ಗಂಟೆ? ಫ್ಲೈಟ್ ಡಿಸ್ಪ್ಯಾಚರ್ ಮೇಡಂಗೆ ಪ್ರಶ್ನೆ

ಪ್ರಶ್ನೆ (ದಾವಣಗೆರೆಯಿಂದ):

ನಮಸ್ಕಾರ ಮೇಡಂ. ನನ್ನ ತಂಗಿ ಸ್ಯಾನ್ ಫ್ರಾನ್ಸಿಸ್ಕೋ ಹತ್ರದ ಫ್ರೀಮಾಂಟಲ್ಲಿ ಇದಾಳೆ, ಡಿಸೆಂಬರಲ್ಲಿ ಡೆಲಿವರಿ, ಬಾಣಂತನಕ್ಕೆ ಅಮ್ಮ ಅಪ್ಪ ಇಬ್ರೂ ನವೆಂಬರ್ ಮಧ್ಯದಲ್ಲಿ ಹೊರಡ್ತಿದಾರೆ. ಅಪ್ಪನಿಗೆ 68, ಅಮ್ಮನಿಗೆ 62, ಇಬ್ರೂ ಇದೇ ಮೊದಲು ವಿಮಾನ ಹತ್ತೋದು. ನಾನು ದೂರ ಎಷ್ಟು ಅಂತ ಹುಡುಕಿದ್ರೆ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 13,990 ಕಿಮೀ ಅಂತ ಬಂತು, ವಿಮಾನದ ಸ್ಪೀಡ್ 900 ಅಂತ ಹಾಕಿ ಭಾಗಿಸಿದ್ರೆ ಹದಿನೈದೂವರೆ ಗಂಟೆ. ಆದ್ರೆ ಡೈರೆಕ್ಟ್ ಫ್ಲೈಟಿಗೆ ಹೋಗೋಕೆ 16 ಗಂಟೆ ಅಂತ ಒಂದ್ ಕಡೆ, ಬರೋಕೆ ಹದಿನೇಳೂವರೆ ಅಂತ ಇನ್ನೊಂದ್ ಕಡೆ ಇದೆ. ಅದೇ ಎರಡು ಊರು, ಅದೇ ದೂರ, ಹೋಗೋಕೆ ಬರೋಕೆ ಒಂದೂವರೆ ಗಂಟೆ ವ್ಯತ್ಯಾಸ ಹೇಗೆ?

ಇನ್ನೊಂದು ಅಪ್ಪನ ಪ್ರಶ್ನೆ. ಅಪ್ಪ ಹೈಸ್ಕೂಲಲ್ಲಿ ಭೂಗೋಳ ಪಾಠ ಮಾಡಿ ರಿಟೈರ್ ಆದವರು. ಅಮೆರಿಕ ನಮಗೆ ಪಶ್ಚಿಮಕ್ಕಿದೆ, ಆದ್ರೆ ವಿಮಾನ ಜಪಾನ್ ಕಡೆಯಿಂದ ಹೋಗತ್ತೆ ಅಂತ ಯಾರೋ ಹೇಳಿದ್ರಂತೆ, ಹೌದಾ ಅಂತ ಕೇಳ್ತಿದಾರೆ. ಬಿಡುವಾದಾಗ ಸ್ವಲ್ಪ ಬಿಡಿಸಿ ಹೇಳ್ತೀರಾ ಮೇಡಂ.

ಉತ್ತರ (ಫ್ಲೈಟ್ ಡಿಸ್ಪ್ಯಾಚರ್):

ನಮಸ್ಕಾರ. ಮೊದಲನೇ ಸಲ ವಿಮಾನ ಹತ್ತೋ ಅಪ್ಪ ಅಮ್ಮಂದಿರ ಬಗ್ಗೆ ಪ್ರಶ್ನೆ ಬಂದ್ರೆ ನಾನು ಎಷ್ಟೇ ಲೇಟ್ ಆದ್ರೂ ಉತ್ತರ ಬರೀತೀನಿ, ಇದು ಸ್ವಲ್ಪ ಉದ್ದ ಆಗತ್ತೆ, ನಿಧಾನಕ್ಕೆ ಓದಿ. ನನ್ನ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು: ವಿಮಾನ ಯಾವ ದಾರೀಲಿ ಹೋಗ್ಬೇಕು, ಎಷ್ಟು ಇಂಧನ ಹಾಕ್ಬೇಕು, ದಾರೀಲಿ ತೊಂದರೆ ಆದ್ರೆ ಎಲ್ಲಿ ಇಳೀಬೇಕು ಅನ್ನೋದನ್ನ ನೆಲದ ಮೇಲೆ ಕೂತು ಲೆಕ್ಕ ಹಾಕಿ ಫ್ಲೈಟ್ ಪ್ಲಾನ್ ಮಾಡೋದು ಡಿಸ್ಪ್ಯಾಚರ್ ಕೆಲಸ, ಅದನ್ನ ಕ್ಯಾಪ್ಟನ್ ನೋಡಿ ಒಪ್ಪಿದ ಮೇಲೇನೇ ವಿಮಾನ ಹೊರಡೋದು.

ನಿಮಗೆ ಸಿಕ್ಕಿರೋ 13,990 ಕಿಮೀ ಸರಿಯಾದ ಸಂಖ್ಯೇನೇ. ಆದ್ರೆ ಅದು ಎರಡು ಊರಿನ ನಡುವೆ ಭೂಮಿಯ ಮೇಲೆ ಅತೀ ಕಮ್ಮಿ ದೂರ ಎಷ್ಟು ಅನ್ನೋದು, ಅಷ್ಟೇ. ಆ ಗೆರೆ ಮೇಲೇ ವಿಮಾನ ಹಾರತ್ತೆ ಅಂತಲ್ಲ. ಅಪ್ಪನ ಹತ್ರ ಗ್ಲೋಬ್ ಇದ್ರೆ ಒಂದು ದಾರ ತಗೊಳ್ಳೋಕೆ ಹೇಳಿ, ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೀಲಿ. ದಾರ ಪಶ್ಚಿಮಕ್ಕೂ ಹೋಗಲ್ಲ, ಪೂರ್ವಕ್ಕೂ ಹೋಗಲ್ಲ, ಬೆಂಗಳೂರಿಂದ ಹೆಚ್ಚುಕಮ್ಮಿ ಉತ್ತರಕ್ಕೇ ಹೊರಡತ್ತೆ, ಬರೀ 20 ಡಿಗ್ರಿ ಪೂರ್ವಕ್ಕೆ ವಾಲಿಕೊಂಡು. ಛತ್ತೀಸ್‌ಗಢ, ಉತ್ತರ ಪ್ರದೇಶ, ನೇಪಾಳ, ಟಿಬೆಟ್, ಮಂಗೋಲಿಯಾ, ಆಮೇಲೆ ಬೈಕಲ್ ಸರೋವರದ ಪಶ್ಚಿಮಕ್ಕೆ ಸೈಬೀರಿಯಾ, 71 ಡಿಗ್ರಿ ಉತ್ತರ ಅಕ್ಷಾಂಶದ ತನಕ ಹತ್ತಿ, ಅಲ್ಲಿಂದ ಅಲಾಸ್ಕಾ ಮೇಲೆ ಇಳ್ಕೊಂಡು ಕ್ಯಾಲಿಫೋರ್ನಿಯಾ. ಯಾಕಂದ್ರೆ ಬೆಂಗಳೂರು 77 ಡಿಗ್ರಿ ಪೂರ್ವ ರೇಖಾಂಶ, ಸ್ಯಾನ್ ಫ್ರಾನ್ಸಿಸ್ಕೋ 122 ಡಿಗ್ರಿ ಪಶ್ಚಿಮ, ಎರಡೂ ಭೂಮಿಯ ಆಚೆ ಬದಿ ಈಚೆ ಬದಿ ಇದ್ದ ಹಾಗೆ. ಪೂರ್ವಕ್ಕೆ ಹೋದ್ರೆ 160 ಡಿಗ್ರಿ, ಪಶ್ಚಿಮಕ್ಕೆ ಹೋದ್ರೆ 200 ಡಿಗ್ರಿ. ಅಂದ್ರೆ ಪೂರ್ವವೇ ಹತ್ತಿರ. ಗೋಡೆ ಮೇಲಿನ ಮ್ಯಾಪಲ್ಲಿ ಅಮೆರಿಕ ಎಡಗಡೆ ಇರೋದ್ರಿಂದ ನಮಗೆ ಪಶ್ಚಿಮ ಅನ್ಸತ್ತೆ, ಪಸಿಫಿಕ್ ಸಾಗರಾನ ನಡುವೆ ಸೀಳಿ ಎರಡು ಅಂಚಿಗೆ ಹಾಕಿರ್ತಾರಲ್ಲ, ಅದಕ್ಕೆ.

ಈಗ ಗಾಳಿ ವಿಷಯ. ಟೈಮ್ ಬದಲಾಗೋದು ಇಲ್ಲೇ. 35,000 ಅಡಿ ಎತ್ತರದಲ್ಲಿ ದೊಡ್ಡ ಬೋಯಿಂಗ್ 777 ತರದ ವಿಮಾನ ಗಂಟೆಗೆ ಸುಮಾರು 895 ಕಿಮೀ ವೇಗದಲ್ಲಿ ಹೋಗತ್ತೆ, ಆದ್ರೆ ಅದು ಸುತ್ತ ಇರೋ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಹರೀತಾ ಇರತ್ತೆ, ಹೊಳೇಲಿ ದೋಣಿ ಹಾಕಿದ ಹಾಗೆ, ನೀರಿನ ಜೊತೆ ಹೋದ್ರೆ ಬೇಗ, ಎದುರು ಹೋದ್ರೆ ನಿಧಾನ. ಆ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅಂತ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಹರಿಯೋ ಗಾಳಿ ಇದೆ, ಚಳಿಗಾಲದಲ್ಲಿ ಜಪಾನ್ ಮೇಲೆ, ಪಸಿಫಿಕ್ ಮೇಲೆ ಗಂಟೆಗೆ 200 ಕಿಮೀ ದಾಟೋದು ಮಾಮೂಲು. ನವೆಂಬರಲ್ಲಿ ಹೋಗ್ತಿದಾರೆ ಅಂದ್ರಿ, ಒಳ್ಳೆ ಕಾಲ.

ಒಂದು ಲೆಕ್ಕ ತೋರಿಸ್ತೀನಿ. ಬೆಂಗಳೂರಿಂದ ಟೋಕಿಯೋ ಹತ್ರ ಹೋಗಿ ಅಲ್ಲಿಂದ ಪಸಿಫಿಕ್ ದಾಟಿದ್ರೆ ಒಟ್ಟು ದೂರ ಸುಮಾರು 14,900 ಕಿಮೀ, ಅಂದ್ರೆ ದಾರದ ಗೆರೆಗಿಂತ 900 ಕಿಮೀ ಜಾಸ್ತಿ. ಗಾಳಿ ಸರಾಸರಿ 80 ಕಿಮೀ ಹಿಂದಿನಿಂದ ತಳ್ಳಿದ್ರೆ ನೆಲದ ಮೇಲಿನ ವೇಗ 975 ಆಗತ್ತೆ, ಹದಿನೈದು ಗಂಟೆ 17 ನಿಮಿಷ. ದಾರದ ಗೆರೆ ಮೇಲೆ ಗಾಳಿ ಇಲ್ದೆ ಹೋದ್ರೆ ಹದಿನೈದು ಗಂಟೆ 38 ನಿಮಿಷ. ನೋಡಿ, 900 ಕಿಮೀ ಸುತ್ತಿ ಬಂದವನೇ ಮುಂಚೆ ತಲುಪ್ತಾನೆ. ಅದೇ ದಾರೀಲಿ ವಾಪಸ್ ಬಂದ್ರೆ? ಅದೇ 80 ಕಿಮೀ ಈಗ ಮುಖಕ್ಕೆ ಹೊಡೆಯತ್ತೆ, ವೇಗ 815ಕ್ಕೆ ಇಳಿಯತ್ತೆ, ಹದಿನೆಂಟು ಗಂಟೆ 17 ನಿಮಿಷ. ಅದಕ್ಕೇ ಬರುವಾಗ ನಾವು ಆ ದಾರಿ ಬಿಟ್ಟು ಉತ್ತರದ ಕಡೆಯಿಂದ, ಗಾಳಿ ಕಮ್ಮಿ ಇರೋ ದಾರಿ ಹುಡುಕ್ತೀವಿ. ಆದ್ರೂ ಹೋಗೋದಕ್ಕಿಂತ ಜಾಸ್ತಿನೇ ಆಗತ್ತೆ.

ಇದು ಬರೀ ಪೇಪರ್ ಲೆಕ್ಕ ಅಲ್ಲ. 2016ರ ಅಕ್ಟೋಬರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಫ್ಲೈಟನ್ನ ಅಟ್ಲಾಂಟಿಕ್ ದಾರಿ ಬಿಟ್ಟು ಪಸಿಫಿಕ್ ಮೇಲೆ ಹಾರಿಸ್ತು. ಅಟ್ಲಾಂಟಿಕ್ ದಾರಿ ಸುಮಾರು 13,900 ಕಿಮೀ, ಪಸಿಫಿಕ್ ದಾರಿ 15,300. ಸಾವಿರದ ನಾನೂರು ಕಿಮೀ ಜಾಸ್ತಿ ಹಾರಿ ಹದಿನಾಲ್ಕೂವರೆ ಗಂಟೇಲಿ ಇಳೀತು, ಮುಂಚೆಗಿಂತ ಬೇಗ. ಭಾಗಿಸಿ ನೋಡಿ, ಸರಾಸರಿ ಗಂಟೆಗೆ 1,055 ಕಿಮೀ ಬರತ್ತೆ, ಈಗಿನ ಯಾವ ಪ್ರಯಾಣಿಕರ ಜೆಟ್ಟೂ ಬರೀ ಇಂಜಿನ್ನಿಂದ ಆ ವೇಗ ಮುಟ್ಟಲ್ಲ, ಮಿಕ್ಕಿದ್ದು ಗಾಳಿ ಕೊಟ್ಟಿದ್ದು.

ಇನ್ನು ಟಿಕೆಟ್ ಮೇಲೆ ಬರೆದಿರೋ ಟೈಮ್. ಅದು ಬ್ಲಾಕ್ ಟೈಮ್, ಅಂದ್ರೆ ಬೆಂಗಳೂರಲ್ಲಿ ಗೇಟಿಂದ ವಿಮಾನ ಹಿಂದೆ ತಳ್ಳಿದ ಕ್ಷಣದಿಂದ ಅಲ್ಲಿ ಗೇಟಲ್ಲಿ ನಿಂತು ಚಕ್ರಕ್ಕೆ ಅಡ್ಡ ಕಟ್ಟೆ ಇಡೋವರೆಗೆ. ಟ್ಯಾಕ್ಸಿ ಮಾಡೋದು, ರನ್‌ವೇ ಹತ್ರ ಸಾಲಲ್ಲಿ ಕಾಯೋದು ಎಲ್ಲ ಸೇರಿ, ಅರ್ಧ ಮುಕ್ಕಾಲು ಗಂಟೆ ಅದರಲ್ಲೇ ಹೋಗತ್ತೆ. ಅದನ್ನ ಆ ಸೀಸನ್ನಿನ ಗಾಳಿ ನೋಡಿ ತಿಂಗಳುಗಟ್ಟಲೆ ಮುಂಚೆ ಹಾಕಿರ್ತಾರೆ. ಆವತ್ತಿನ ಗಾಳಿ ಆವತ್ತೇ ಗೊತ್ತಾಗೋದು, ಹಾಗಾಗಿ ಮುಕ್ಕಾಲು ಗಂಟೆ ಮುಂಚೆ ಇಳಿದ್ರೂ, ಅರ್ಧ ಗಂಟೆ ಲೇಟ್ ಆದ್ರೂ ನೀವು ಗಾಬರಿ ಆಗ್ಬೇಡಿ.

ಕಾಮೆಂಟ್ (ಮಂಗಳೂರಿಂದ, ಇಂಜಿನಿಯರಿಂಗ್ ವಿದ್ಯಾರ್ಥಿ):

ಮೇಡಂ ಒಂದು ಡೌಟು, ತಪ್ಪು ತಿಳ್ಕೋಬೇಡಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗತ್ತಲ್ಲ, ಹಾಗಾದ್ರೆ ಪಶ್ಚಿಮಕ್ಕೆ ಹಾರಿದ್ರೆ ಊರೇ ನಮ್ಮ ಕಡೆ ಬರ್ಬೇಕಲ್ವಾ, ಬೇಗ ತಲುಪ್ಬೇಕು ತಾನೇ?

ಉತ್ತರ:

ಒಳ್ಳೆ ಡೌಟೇ ಇದು, ಟ್ರೈನಿಂಗಲ್ಲಿ ನಾನೂ ಕೇಳಿದ್ದೆ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಗಂಟೆಗೆ 1,600 ಕಿಮೀಗಿಂತ ಜಾಸ್ತಿ ವೇಗದಲ್ಲಿ ತಿರುಗ್ತಾ ಇದೆ, ಆದ್ರೆ ನೆಲದ ಜೊತೆ ಗಾಳೀನೂ ತಿರುಗತ್ತೆ, ವಿಮಾನ ನಿಂತಿದ್ದಾಗ ಅದೂ ತಿರುಗ್ತಾನೇ ಇತ್ತು, ಟೇಕಾಫ್ ಆದ ತಕ್ಷಣ ಆ ವೇಗ ಎಲ್ಲೂ ಬಿಟ್ಟುಹೋಗಲ್ಲ. ಓಡೋ ರೈಲಿನ ಬೋಗಿ ಒಳಗೆ ಚೆಂಡು ಮೇಲಕ್ಕೆ ಎಸೆದ್ರೆ ವಾಪಸ್ ನಿಮ್ಮ ಕೈಗೇ ಬೀಳತ್ತಲ್ಲ, ಹಿಂದಿನ ಸೀಟಿಗೆ ಹೋಗಿ ಬೀಳಲ್ಲ, ಅದೇ ಲೆಕ್ಕ. ಹಾಗಂತ ಭೂಮಿ ತಿರುಗೋದಕ್ಕೂ ಪ್ರಯಾಣದ ಟೈಮಿಗೂ ಸಂಬಂಧವೇ ಇಲ್ಲ ಅಂತಲ್ಲ. ಸಮಭಾಜಕದ ಬಿಸಿ ಗಾಳಿ ಮೇಲೆದ್ದು ಧ್ರುವದ ಕಡೆ ಹೋಗುವಾಗ ಭೂಮಿ ತಿರುಗೋದ್ರಿಂದ ಅದು ಪೂರ್ವಕ್ಕೆ ತಿರುಗಿ ಜೆಟ್ ಸ್ಟ್ರೀಮ್ ಆಗತ್ತೆ. ಹೀಗೆ ಗಾಳಿ ಮೂಲಕ ಸಂಬಂಧ ಇದೆ, ಆದ್ರೆ ನೀವಂದ್ಕೊಂಡಿದ್ದರ ಉಲ್ಟಾ, ಪೂರ್ವಕ್ಕೆ ಹೋಗೋರಿಗೆ ಲಾಭ.

ಕಾಮೆಂಟ್ (ಬೆಂಗಳೂರಿಂದ):

ದಾರದ ಗೆರೆ ಟಿಬೆಟ್ ಮೇಲೆ ಹೋಗತ್ತೆ ಅಂದ್ರಲ್ಲ, ವಿಮಾನ ಹಿಮಾಲಯದ ಮೇಲೆ ಹೋಗಲ್ಲ ಅಂತ ಕೇಳಿದೀನಿ, ನಿಜಾನಾ? ಎವರೆಸ್ಟೇ 29,000 ಅಡಿ ತಾನೇ, ವಿಮಾನ 35,000ದಲ್ಲಿ ಇರತ್ತಲ್ಲ.

ಉತ್ತರ:

ದಾಟೋಕೆ ಎತ್ತರ ಸಾಕು ಸರ್, ಕೆಲವು ದಾರಿಗಳಲ್ಲಿ ದಾಟ್ತಾರೆ ಕೂಡ. ತೊಂದರೆ ಬರೋದು ಏನಾದ್ರೂ ಹೆಚ್ಚುಕಮ್ಮಿ ಆದಾಗ. ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಹೋದ್ರೆ ಮೇಲಿಂದ ಹಳದಿ ಮಾಸ್ಕ್ ಬೀಳತ್ತಲ್ಲ, ಆ ಆಕ್ಸಿಜನ್ ಸಾಮಾನ್ಯವಾಗಿ 12ರಿಂದ 15 ನಿಮಿಷ ಬರತ್ತೆ, ಕೆಲವು ವಿಮಾನದಲ್ಲಿ 22 ನಿಮಿಷ. ಅಷ್ಟರೊಳಗೆ ಪೈಲಟ್ 10,000 ಅಡಿಗೆ ಇಳಿಸ್ಬೇಕು, ಅಲ್ಲಿ ಮಾಸ್ಕ್ ಇಲ್ದೆ ಉಸಿರಾಡಬಹುದು. ಟಿಬೆಟ್ ಪ್ರಸ್ಥಭೂಮಿ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್, ಅಂದ್ರೆ 14,000 ಅಡಿ ಮೇಲೆ. ಎಲ್ಲಿಗೆ ಇಳಿಸ್ತೀರಾ? ನೆಲವೇ ಬಂದುಬಿಡತ್ತೆ. ಪಕ್ಕಕ್ಕೆ ತಪ್ಪಿಸ್ಕೊಂಡು ತಗ್ಗಿನ ಜಾಗಕ್ಕೆ ಹೋಗೋಕೆ ಮೊದಲೇ ಗುರುತು ಮಾಡಿಟ್ಟ ದಾರಿ ಬೇಕು, ಜಾಸ್ತಿ ಆಕ್ಸಿಜನ್ ಬೇಕು, ಹತ್ರದಲ್ಲಿ ದೊಡ್ಡ ಏರ್‌ಪೋರ್ಟ್ ಬೇಕು, ಅಲ್ಲಿ ಅವೂ ವಿರಳ. ಅದಕ್ಕೇ ಬೆಂಗಳೂರಿಂದ ಪೂರ್ವಕ್ಕೆ ಹೋಗೋ ಫ್ಲೈಟು ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾದ ದಕ್ಷಿಣ ಭಾಗ ಅಂತ ಹಿಮಾಲಯದ ಬಾಲದ ಕಡೆಯಿಂದ ಸುತ್ಕೊಂಡು ಹೋಗೋದು. ಒಳಗೆ ಕೂತ ಪ್ರಯಾಣಿಕರಿಗೆ ಇದೆಲ್ಲ ಗೊತ್ತಾಗಲ್ಲ, ಆದ್ರೆ ಆ ಸುತ್ತು ಅವರ ಉಸಿರಿಗೋಸ್ಕರ.

ಪಸಿಫಿಕ್ ಮೇಲೂ ಹೀಗೇ ಇನ್ನೊಂದು ನಿಯಮ ಇದೆ. ಎರಡು ಇಂಜಿನ್ ವಿಮಾನ, ಒಂದು ಕೆಟ್ಟರೆ ಉಳಿದ ಒಂದರಲ್ಲೇ ಇಂತಿಷ್ಟು ನಿಮಿಷದೊಳಗೆ ಇಳಿಯೋಕೆ ಒಂದು ಏರ್‌ಪೋರ್ಟ್ ಸಿಗೋ ಹಾಗೇ ದಾರಿ ಹಾಕ್ಬೇಕು. 180 ನಿಮಿಷ ಅನ್ನೋದು ಸಾಮಾನ್ಯ ಲೆಕ್ಕ. ಅದಕ್ಕೆ ನಮ್ಮ ಪ್ಲಾನಲ್ಲಿ ನೀವು ಕೇಳೇ ಇರದ ಊರುಗಳ ಹೆಸರಿರತ್ತೆ. ಅಲಾಸ್ಕಾದ ಕೋಲ್ಡ್ ಬೇ ಅಂತ ಒಂದಿದೆ, ಬೆರಳೆಣಿಕೆ ಮನೆಗಳ ಊರು, ಆದ್ರೆ ಎರಡನೇ ಮಹಾಯುದ್ಧದ ಕಾಲದ ಮೂರು ಕಿಮೀ ಉದ್ದದ ರನ್‌ವೇ ಇದೆ. ಆ ದಾರಿ ಹಾಕಿದ ದಿನ ನಾನು ಸ್ಯಾನ್ ಫ್ರಾನ್ಸಿಸ್ಕೋ ಹವಾಮಾನ ಎಷ್ಟು ಸಲ ನೋಡ್ತೀನೋ ಕೋಲ್ಡ್ ಬೇದನ್ನೂ ಅಷ್ಟೇ ಸಲ ನೋಡ್ತೀನಿ.

ಕಾಮೆಂಟ್ (ಹಾಸನದಿಂದ):

ಅಕ್ಕಾ, ಉತ್ತರ ಧ್ರುವದ ಮೇಲೆ ಹೋಗಿದ್ದು ನಮ್ಮ ಬೆಂಗಳೂರು ಫ್ಲೈಟೇ ಅಲ್ವಾ? ಲೇಡಿ ಪೈಲಟ್‌ಗಳದ್ದು. ಅದರ ಬಗ್ಗೆನೂ ಬರೀರಿ.

ಉತ್ತರ:

ಹೌದಪ್ಪ, ಅದನ್ನ ನೆನೆಸಿದ್ರೆ ಈಗ್ಲೂ ಖುಷಿ ಆಗತ್ತೆ ನನಗೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋಯಿಂದ ಹೊರಟು 11ರ ಬೆಳಗಿನ ಜಾವ ಬೆಂಗಳೂರಲ್ಲಿ ಇಳೀತು, ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು, ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವರೆ, ಶಿವಾನಿ ಮನ್ಹಾಸ್, ಕಾಕ್‌ಪಿಟ್ಟಲ್ಲಿ ನಾಲ್ಕೂ ಜನ ಹೆಂಗಸರೇ. ಇಷ್ಟು ಉದ್ದದ ಹಾರಾಟಕ್ಕೆ ನಾಲ್ಕು ಪೈಲಟ್ ಬೇಕೇಬೇಕು, ಇಬ್ರು ಹಾರಿಸ್ತಾ ಇದ್ರೆ ಇಬ್ರು ಮಲಗ್ತಾರೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಡೈರೆಕ್ಟ್ ಶುರುವಾಗಿದ್ದೇ ಆ ಹಾರಾಟದಿಂದ.

ಧ್ರುವದ ದಾರಿ ಪ್ಲಾನ್ ಮಾಡೋದು ಬೇರೆಯದೇ ಕೆಲಸ. ಒಂದು, ಇಂಧನ ಹೆಪ್ಪುಗಟ್ಟೋ ಭಯ. ನಮ್ಮಲ್ಲಿ ಹಾಕೋ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿವರೆಗೆ ತಡ್ಕೊಳತ್ತೆ, ಆದ್ರೆ ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗೋದು ಜೆಟ್ ಎ, ಅದು ಮೈನಸ್ 40ಕ್ಕೇ. ಅಂದ್ರೆ ಅಲ್ಲಿಂದ ಹೊರಟು ಬರೋ ಫ್ಲೈಟಿಗೇ ಜಾಸ್ತಿ ಎಚ್ಚರ ಬೇಕು. ಹೊರಗಿನ ಗಾಳಿ ಮೈನಸ್ 65, 70 ಇದ್ರೆ ರೆಕ್ಕೆ ಒಳಗಿನ ಇಂಧನ ನಿಧಾನಕ್ಕೆ ತಣ್ಣಗಾಗ್ತಾ ಹೋಗತ್ತೆ, ಮಿತಿ ಹತ್ರ ಬಂದ್ರೆ ಪೈಲಟ್ ಸ್ವಲ್ಪ ಬಿಸಿ ಇರೋ ಎತ್ತರಕ್ಕೆ ಬದಲಾಯಿಸ್ತಾರೆ ಇಲ್ಲ ವೇಗ ಜಾಸ್ತಿ ಮಾಡ್ತಾರೆ. ಎರಡು, 82 ಡಿಗ್ರಿ ದಾಟಿದ ಮೇಲೆ ಸಮಭಾಜಕದ ಮೇಲೆ ನಿಂತಿರೋ ಸ್ಯಾಟಲೈಟುಗಳು ಸಿಗಲ್ಲ, ಹಳೇ ಎಚ್ಎಫ್ ರೇಡಿಯೋನ ನೆಚ್ಕೋಬೇಕಾಗತ್ತೆ, ಸೂರ್ಯನ ಮೇಲೆ ಬಿರುಗಾಳಿ ಎದ್ದ ದಿನ ಅದೂ ಕೈಕೊಡತ್ತೆ. ದಿಕ್ಸೂಚಿ ಅಂತೂ ಅಲ್ಲಿ ನಂಬೋ ಹಾಗೇ ಇಲ್ಲ.

ಇನ್ನೊಂದು ವಿಷಯ ಹೇಳ್ಲಾ, ಬೆಂಗಳೂರಿನ ದಾರದ ಗೆರೆ 71 ಡಿಗ್ರಿಗೇ ನಿಲ್ಲತ್ತೆ, ಆದ್ರೆ ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಎಳೀರಿ, ಅದು 88 ಡಿಗ್ರಿವರೆಗೆ ಹೋಗತ್ತೆ, ಧ್ರುವದಿಂದ ಬರೀ 200 ಕಿಮೀ. ರೇಖಾಂಶದಲ್ಲಿ ಎರಡು ಊರೂ ಹೆಚ್ಚುಕಮ್ಮಿ ಸರಿಯಾಗಿ 180 ಡಿಗ್ರಿ ಎದುರುಬದುರು.

ಕಾಮೆಂಟ್ (ಮೈಸೂರಿಂದ):

ಮೇಡಂ ನಮ್ಮನೇಲಿ ಆಗಿದ್ದು ಹೇಳ್ತೀನಿ. ಎರಡು ವರ್ಷದ ಹಿಂದೆ ಬೇಸಿಗೇಲಿ ಬೆಂಗಳೂರಿಂದ ಅಮೆರಿಕಕ್ಕೆ ಹೋದಾಗ ನಾವು ತಲುಪಿದ್ವಿ, ನಾಲ್ಕು ಪೆಟ್ಟಿಗೇಲಿ ಒಂದು ಬರ್ಲಿಲ್ಲ, ಅದರಲ್ಲೇ ಚಟ್ನಿಪುಡಿ, ಸಾರಿನಪುಡಿ, ಮೊಮ್ಮಗೂಗೆ ಅಂತ ಹೊಲಿಸಿದ ಕುಲಾವಿ ಎಲ್ಲಾ ಇದ್ದಿದ್ದು. ಮೂರು ದಿನ ಆದ್ಮೇಲೆ ತಂದುಕೊಟ್ರು. ತೂಕ ಜಾಸ್ತಿ ಆಯ್ತು ಅಂತ ಇಳಿಸಿದ್ರಂತೆ. ನಮ್ಮ ಪೆಟ್ಟಿಗೆ 23 ಕೆಜಿ ಒಳಗೇ ಇತ್ತು, ನಾವು ದುಡ್ಡು ಕೊಟ್ಟಿದೀವಿ, ಯಾಕೆ ಹೀಗೆ ಮಾಡ್ತಾರೆ?

ಉತ್ತರ:

ಕುಲಾವಿ ಇದ್ದ ಪೆಟ್ಟಿಗೇನೇ ಉಳೀತು ಅಂದ್ರೆ ಎಷ್ಟು ಬೇಜಾರಾಗಿರತ್ತೆ ಅಮ್ಮಾ. ನಿಮ್ಮ ತಪ್ಪು ಏನೂ ಇಲ್ಲ, ನಿಮ್ಮ ಪೆಟ್ಟಿಗೆ ತೂಕದ್ದೂ ಅಲ್ಲ. ಇಡೀ ವಿಮಾನದ ತೂಕದ್ದು.

ಬೆಂಗಳೂರು ಏರ್‌ಪೋರ್ಟ್ ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್ ಕೊಲ್ಲಿ ನೀರಿನ ಪಕ್ಕದಲ್ಲೇ, 13 ಅಡಿ. ಎತ್ತರದಲ್ಲಿ ಗಾಳಿ ತೆಳು, ಬಿಸಿಲಾದ್ರೆ ಇನ್ನೂ ತೆಳು, ರೆಕ್ಕೆಗೂ ಹಿಡಿತ ಕಮ್ಮಿ ಇಂಜಿನ್ನಿಗೂ ಬಲ ಕಮ್ಮಿ. ಬೆಂಗಳೂರಿನ ಎರಡೂ ರನ್‌ವೇ 4,000 ಮೀಟರ್ ಇವೆ, ಉದ್ದಕ್ಕೆ ಮೋಸ ಇಲ್ಲ, ಆದ್ರೂ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಎತ್ತಬಹುದಾದ ತೂಕಕ್ಕೂ ರಾತ್ರಿ ಎರಡು ಗಂಟೆಗೆ ಎತ್ತಬಹುದಾದ ತೂಕಕ್ಕೂ ಟನ್‌ಗಟ್ಟಲೆ ವ್ಯತ್ಯಾಸ. ಈ ಕಡೆ 777ಕ್ಕೆ ಗಂಟೆಗೆ ಸುಮಾರು 7 ಟನ್ ಇಂಧನ ಬೇಕು, 16 ಗಂಟೆಗೆ ನೂರು ಟನ್ ದಾಟತ್ತೆ, ಮೇಲೆ ಕಡ್ಡಾಯದ ಮೀಸಲು ಬೇರೆ. ಆ ಇಂಧನ ಹೊರೋಕೂ ಇಂಧನ ಸುಡತ್ತೆ, ಇಷ್ಟು ದೂರಕ್ಕೆ ಒಂದು ಟನ್ ಜಾಸ್ತಿ ಹಾಕಿದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅದನ್ನ ಹೊರೋಕೇ ಖರ್ಚು. ಕೊನೇ ಗಳಿಗೇಲಿ ಗಾಳಿ ಬದಲಾಗಿ ಮೂರು ಟನ್ ಇಂಧನ ಜಾಸ್ತಿ ಬೇಕು ಅಂದ್ರೆ ಏನಾದ್ರೂ ಇಳಿಸಲೇಬೇಕು. ಇಂಧನ ಇಳಿಸೋ ಹಾಗಿಲ್ಲ, ಜನರನ್ನ ಇಳಿಸೋಕೆ ಯಾರಿಗೂ ಮನಸ್ಸಿಲ್ಲ, ಕಾರ್ಗೋ ಮೊದಲು, ಆಮೇಲೆ ಪೆಟ್ಟಿಗೆ. ಆದ್ರೆ ಯಾಕೆ ಇಳಿಸಿದ್ರು, ಯಾವಾಗ ಬರತ್ತೆ ಅಂತ ನಿಮಗೆ ಆವತ್ತೇ ಹೇಳ್ಬೇಕಿತ್ತು, ಅದು ಹೇಳದೆ ಇದ್ದಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ದಾವಣಗೆರೆಯವರೂ ಇದನ್ನ ನೋಡ್ಕೊಳ್ಳಿ: ಮಾತ್ರೆ, ಡಾಕ್ಟರ್ ಚೀಟಿ, ಎರಡು ದಿನದ ಬಟ್ಟೆ, ಕಳೆದ್ರೆ ಮತ್ತೆ ಸಿಗದೆ ಇರೋದು ಏನಿದ್ರೂ ಕೈಚೀಲದಲ್ಲೇ ಇರ್ಲಿ.

ಪ್ರಶ್ನೆ ಕೇಳಿದವರು (ದಾವಣಗೆರೆ):

ಮೇಡಂ ತುಂಬಾ ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರ ಅಪ್ಪನಿಗೆ ಓದಿ ಹೇಳಿದೆ, ಅಟ್ಟದ ಮೇಲಿಂದ ಸ್ಕೂಲ್ ಕಾಲದ ಗ್ಲೋಬ್ ಇಳಿಸಿ, ಧೂಳು ಒರೆಸಿ, ಅಮ್ಮನ ಹೂ ಕಟ್ಟೋ ದಾರ ಹಿಡ್ಕೊಂಡು ಕೂತಿದಾರೆ. ದಾರ ಅಲಾಸ್ಕಾ ಮೇಲೆ ಹೋಗಿದ್ದು ನೋಡಿ ಒಂದು ಕ್ಷಣ ಸುಮ್ಮನಾದ್ರು, ಆಮೇಲೆ ಮೂವತ್ತು ವರ್ಷ ಪಾಠ ಮಾಡಿದೀನಿ, ಈ ದಾರ ಒಂದಿನ ಹುಡುಗರ ಕೈಗೆ ಕೊಟ್ಟಿದ್ರೆ ಆಗ್ತಿತ್ತು ಅಂದ್ರು.

ಇನ್ನೂ ಎರಡು ಕೇಳ್ತೀನಿ. ಡೈರೆಕ್ಟ್ ಸಿಗದೆ ಇದ್ರೆ ಯಾವ ಕಡೆಯಿಂದ ಹೋಗೋದು ಹತ್ರ? ಮತ್ತೆ ವಾಪಸ್ ಬರೋದು ಏಪ್ರಿಲಲ್ಲಿ, ಒಂದು ಭಾನುವಾರ ಬೆಳಗ್ಗೆ ಚಿಕ್ಕಪ್ಪನ ಮನೆ ಗೃಹಪ್ರವೇಶ ಇದೆ. ಅಪ್ಪ ಅಮ್ಮ ಶುಕ್ರವಾರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟ್ರೆ ಹದಿನೇಳೂವರೆ ಗಂಟೆ ಅಂದ್ರೆ ಶನಿವಾರ ಮಧ್ಯಾಹ್ನ ಎರಡಕ್ಕೆ ಬೆಂಗಳೂರು, ರಾತ್ರಿಗೆ ಮನೆ, ಒಂದು ರಾತ್ರಿ ಪೂರ್ತಿ ನಿದ್ದೆ ಅಂತ ಲೆಕ್ಕ ಹಾಕಿದೀವಿ. ಸರಿ ಇದ್ಯಾ?

ಉತ್ತರ:

ಅಪ್ಪನ ಮಾತು ಕೇಳಿ ಕಣ್ಣು ತುಂಬಿ ಬಂತು. ಕಿಟಕಿ ಸೀಟ್ ಕೊಡಿಸಿ ಅವರಿಗೆ, ಎದುರಿನ ಸ್ಕ್ರೀನಲ್ಲಿ ಮ್ಯಾಪ್ ಹಾಕೋದು ಹೇಗೆ ಅಂತ ಹೇಳಿಕೊಡಿ, ವೇಗ, ಎತ್ತರ, ಹೊರಗಿನ ಚಳಿ ಎಲ್ಲಾ ತೋರಿಸತ್ತೆ. ನೆಲದ ವೇಗ 1,000 ದಾಟಿದ್ರೆ ಜೆಟ್ ಸ್ಟ್ರೀಮ್ ಒಳಗಿದೀವಿ ಅಂತ ಅವರಿಗೇ ಗೊತ್ತಾಗತ್ತೆ. ನಮ್ಮ ಪ್ಲಾನ್ ಹಾಳೇಲಿ ಒಂದೊಂದು ಪಾಯಿಂಟಿನ ಎದುರೂ ಹಿಂದಿನ ಗಾಳಿಗೆ ಪಿ, ಎದುರು ಗಾಳಿಗೆ ಎಂ ಅಂತ ಬರೆದಿರತ್ತೆ, ಪಿ080 ಅಂದ್ರೆ 80 ನಾಟ್, ಅಂದ್ರೆ ಗಂಟೆಗೆ ಹತ್ತತ್ರ 150 ಕಿಮೀ ಹಿಂದಿನಿಂದ ತಳ್ತಾ ಇದೆ ಅಂತ. ಅಪ್ಪ ಸ್ಕ್ರೀನಲ್ಲಿ ನೋಡೋದೂ ಅದೇ ಗಾಳೀನೇ.

ಡೈರೆಕ್ಟ್ ಫ್ಲೈಟ್ ಆ ತಿಂಗಳಿಗೆ ಇದ್ಯಾ ಅಂತ ಮೊದಲು ನೋಡ್ಕೊಳ್ಳಿ, ಈ ರೂಟುಗಳು ಆಗಾಗ ನಿಲ್ತಾವೆ, ಶುರುವಾಗ್ತಾವೆ. ಇಲ್ಲಾಂದ್ರೆ ಹಾಂಗ್‌ಕಾಂಗ್ ಕಡೆಯಿಂದ ಒಟ್ಟು 15,100 ಕಿಮೀ ಆಸುಪಾಸು, ದುಬೈ ಕಡೆಯಿಂದ 15,700, ಫ್ರಾಂಕ್‌ಫರ್ಟ್ 16,550, ಸಿಂಗಾಪುರ 16,750. ಆದ್ರೆ ಇದರಲ್ಲಿ ಕಿಮೀ ನೋಡ್ಬೇಡಿ, ದಯವಿಟ್ಟು. ಸಾವಿರ ಕಿಮೀ ಅಂದ್ರೆ ಗಂಟೆ ಹತ್ತು ನಿಮಿಷ, ನಡುವೆ ಏರ್‌ಪೋರ್ಟಲ್ಲಿ ಕಾಯೋ ಟೈಮು ಎರಡು ಗಂಟೆಯಿಂದ ಹತ್ತು ಗಂಟೆವರೆಗೆ ಇರಬಹುದು, ತೂಕ ಇರೋದು ಅಲ್ಲಿ. ಅಪ್ಪ ಅಮ್ಮನಿಗೆ ಮೂರು ಮೂರೂವರೆ ಗಂಟೆ ಗ್ಯಾಪ್ ಇರೋದು ಹುಡುಕಿ, ಅದಕ್ಕಿಂತ ಕಮ್ಮಿ ಇದ್ರೆ ಓಡ್ಬೇಕಾಗತ್ತೆ. ಎರಡೂ ಫ್ಲೈಟ್ ಒಂದೇ ಟಿಕೆಟ್ ನಂಬರಲ್ಲಿ ಇರ್ಲಿ, ಮೊದಲನೇದು ಲೇಟಾಗಿ ಎರಡನೇದು ತಪ್ಪಿದ್ರೆ ಮುಂದಿನ ಫ್ಲೈಟಿಗೆ ಹಾಕ್ಕೊಡೋ ಜವಾಬ್ದಾರಿ ಏರ್‌ಲೈನ್ಸಿದು ಆಗತ್ತೆ. ವೀಲ್‌ಚೇರ್ ಬುಕಿಂಗ್ ಟೈಮಲ್ಲೇ ಕೇಳಿ, ನಡೆಯೋಕೆ ಕಷ್ಟ ಇರೋರು ಸಂಕೋಚ ಪಡ್ಬೇಕಾಗಿಲ್ಲ. ಅಮೆರಿಕದಲ್ಲೇ ಇನ್ನೊಂದು ಊರಲ್ಲಿ ಇಳಿದು ಬದಲಾಯಿಸೋ ಟಿಕೆಟ್ ಬೇಡ, ಮೊದಲು ಇಳಿಯೋ ಊರಲ್ಲೇ ಇಮಿಗ್ರೇಶನ್, ಅಲ್ಲೇ ಪೆಟ್ಟಿಗೆ ತಗೊಂಡು ಮತ್ತೆ ಕೊಡ್ಬೇಕು, ಹೊಸಬರಿಗೆ ಅದು ಗೋಜಲು.

ಆಕಾಶ ಮುಚ್ಚೋ ವಿಷಯಾನೂ ಇದೆ. ರಷ್ಯಾ ಆಕಾಶ 2022ರಿಂದ ಅಮೆರಿಕ, ಯುರೋಪ್, ಕೆನಡಾ ಏರ್‌ಲೈನ್ಸಿಗೆ ಮುಚ್ಚಿದೆ. 2025ರ ಏಪ್ರಿಲ್ 24ಕ್ಕೆ ಪಾಕಿಸ್ತಾನ ನಮ್ಮ ಏರ್‌ಲೈನ್ಸಿಗೆ ಮುಚ್ತು, ಆ ತಿಂಗಳ ಕೊನೇಲಿ ನಾವೂ ಅವರಿಗೆ ಮುಚ್ಚಿದ್ವಿ. ದೆಹಲಿಯಿಂದ ಪಶ್ಚಿಮಕ್ಕೆ ಹೋಗೋರಿಗೆ ಅದರ ಪೆಟ್ಟು ದೊಡ್ಡದು, ಬೆಂಗಳೂರಿಂದ ಪೂರ್ವಕ್ಕೆ ಹೋಗೋರಿಗೆ ಇಲ್ಲ. ಅದಕ್ಕೇ ದೆಹಲಿಯಲ್ಲಿ ಫ್ಲೈಟ್ ಬದಲಾಯಿಸೋದಾದ್ರೆ ಹಳೇ ಟೈಮ್ ನಂಬ್ಬೇಡಿ, ಈಗಿನ ಟಿಕೆಟ್ ಮೇಲಿರೋ ಟೈಮೇ ನೋಡಿ.

ಈಗ ಗೃಹಪ್ರವೇಶ. ಇಲ್ಲಿ ಲೆಕ್ಕ ತಪ್ಪಿದೆ, ಈಗ್ಲೇ ಕೇಳಿದ್ದು ಒಳ್ಳೇದಾಯ್ತು. ನೀವು ಹದಿನೇಳೂವರೆ ಗಂಟೆ ಕೂಡಿಸಿದ್ರಿ, ಎರಡು ಊರಿನ ಗಡಿಯಾರದ ವ್ಯತ್ಯಾಸ ಕೂಡಿಸ್ಲಿಲ್ಲ. ಹೋಗುವಾಗ ಆ ವ್ಯತ್ಯಾಸ ನಿಮ್ಮ ಪರ ಇರತ್ತೆ: ನವೆಂಬರಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಇಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು 16 ಗಂಟೆ ಹಾರಿದ್ರೆ ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ. ಅಪ್ಪ ಅಮ್ಮನಿಗೆ ಎರಡೂವರೆ ಗಂಟೇಲಿ ಅಮೆರಿಕ ಬಂದ ಹಾಗಿರತ್ತೆ. ಬರುವಾಗ ಅಷ್ಟೂ ವಾಪಸ್ ಕೊಡ್ಬೇಕು. ಮಾರ್ಚ್ ಎರಡನೇ ಭಾನುವಾರದಿಂದ ಅವರು ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಹಾಗಾಗಿ ಏಪ್ರಿಲಲ್ಲಿ ವ್ಯತ್ಯಾಸ ಹನ್ನೆರಡೂವರೆ. ಶುಕ್ರವಾರ ರಾತ್ರಿ ಎಂಟೂವರೆ ಅಲ್ಲಿ ಅಂದ್ರೆ ನಮಗೆ ಆಗ್ಲೇ ಶನಿವಾರ ಬೆಳಗ್ಗೆ ಒಂಬತ್ತು. ಅದಕ್ಕೆ ಹದಿನೇಳೂವರೆ ಕೂಡಿಸಿ, ಭಾನುವಾರ ಬೆಳಗಿನ ಜಾವ ಎರಡೂವರೆ. ಇಮಿಗ್ರೇಶನ್, ಪೆಟ್ಟಿಗೆ ಆಗೋ ಹೊತ್ತಿಗೆ ನಾಲ್ಕು, ಕಾರಲ್ಲಿ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಹೈವೇ ಹಿಡಿದು ದಾವಣಗೆರೆ ಬರೋ ಹೊತ್ತಿಗೆ ಒಂಬತ್ತು ಆಗತ್ತೆ, ಗೃಹಪ್ರವೇಶದ ಮುಹೂರ್ತ ಆಗ್ಲೇ ಮುಗಿದಿರತ್ತೆ. ಅದೂ 30 ಗಂಟೆ ನೆಟ್ಟಗೆ ಮಲಗದೆ ಇರೋ 68ರ ದೇಹ.

ಬುಧವಾರ ರಾತ್ರಿ ಹೊರಡಿಸಿ. ಶುಕ್ರವಾರ ಬೆಳಗಿನ ಜಾವ ಇಳೀತಾರೆ, ಕತ್ತಲಲ್ಲಿ ಹೈವೇ ಹಿಡೀಬೇಡಿ, ಬೆಳಕಾಗೋವರೆಗೆ ಏರ್‌ಪೋರ್ಟಲ್ಲೇ ಕಾಫಿ ಕುಡಿದು ಕೂರಲಿ, ಎರಡು ರಾತ್ರಿ ಮನೇಲಿ ನಿದ್ದೆ ಸಿಗತ್ತೆ. ಶುಗರ್ ಬಿಪಿ ಮಾತ್ರೆ ಇದ್ರೆ ಯಾವ ಗಡಿಯಾರದ ಪ್ರಕಾರ ತಗೋಬೇಕು ಅಂತ ಹೊರಡೋ ಮುಂಚೆ ಡಾಕ್ಟರ್ ಹತ್ರ ಬರೆಸ್ಕೊಳ್ಳಿ, ಹೋಗೋಕೆ ಒಂದು, ಬರೋಕೆ ಒಂದು.

ಪ್ರಶ್ನೆ ಕೇಳಿದವರು (ದಾವಣಗೆರೆ):

ಅಯ್ಯೋ ದೇವ್ರೇ, ಶುಕ್ರವಾರದ ಟಿಕೆಟ್ ನಾಳೆ ಬುಕ್ ಮಾಡೋದಿತ್ತು ಮೇಡಂ. ಬುಧವಾರಕ್ಕೇ ಮಾಡ್ತೀನಿ. ಅಪ್ಪ ಈಗ ದುಬೈಗೆ ದಾರ ಹಿಡಿದಿದಾರೆ.